ರಾರಾವಿಯ ಬಿಸಿಲಲ್ಲಿ ವಿಮಾನ ಇಳಿಸೋದು

ನೀವು ಐಟಿಯಲ್ಲಿದ್ದೀರಿ ಅಂತ ಊರಲ್ಲಿ ಒಮ್ಮೆ ಗೊತ್ತಾದರೆ ಮುಗೀತು. ಪ್ರಿಂಟರ್ ಕೆಟ್ಟರೂ ನೀವೇ, ಮೊಬೈಲ್‌ನಲ್ಲಿ ಪಹಣಿ ತೆರೆಯದಿದ್ದರೂ ನೀವೇ, ಟಿವಿಯಲ್ಲಿ ಚಾನೆಲ್ ಹೋದರೂ ನೀವೇ. ಈ ಸಲ ಯುಗಾದಿಗೆ ಹೋದಾಗ ನನ್ನ ಪಾಲಿಗೆ ಬಂದದ್ದು ಮಾತ್ರ ಸ್ವಲ್ಪ ಬೇರೆ ಥರದ ರಿಪೇರಿ. ಒಂದು ವಿಮಾನ.

ನಮ್ಮ ಅಕ್ಕನ ಮನೆ ಇರೋದು ಸಿರುಗುಪ್ಪ ತಾಲೂಕಿನ ರಾರಾವಿಯಲ್ಲಿ. ಪಕ್ಕದಲ್ಲಿ ವೇದಾವತಿ, ಅಂದರೆ ನಮ್ಮವರ ಬಾಯಲ್ಲಿ ಹಗರಿ. ಇನ್ನೊಂಚೂರು ಮುಂದೆ ಹೋದರೆ ಆಂಧ್ರ. ಭತ್ತದ ಸೀಮೆ. ಅಕ್ಕನ ಮಗ ಆಗಷ್ಟೇ ಸೆಕೆಂಡ್ ಪಿಯುಸಿ ಸೈನ್ಸ್ ಪರೀಕ್ಷೆ ಮುಗಿಸಿದ್ದ. ಪೈಲಟ್ ಆಗಬೇಕು ಅನ್ನೋದು ಅವನ ಹಂಬಲ. ಮನೆಯ ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಹಾಕಿಕೊಂಡು ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದಿಂದ ಪುಟ್ಟ ಸೆಸ್ನಾ 172 ಎಬ್ಬಿಸಿ, ಬಳ್ಳಾರಿ ಗುಡ್ಡ ದಾಟಿ, ಹಗರಿಯ ಮರಳಿನ ಪಟ್ಟಿ ಹಿಡಿದು ತನ್ನ ಊರಿನ ಮೇಲೆ ಒಂದು ಸುತ್ತು ಹೊಡೆದು ವಾಪಸ್ ಹೋಗಿ ಇಳಿಸೋದು ಅವನ ದಿನಚರಿ. ಒಂದು ದಾರಿಗೆ ಇಪ್ಪತ್ತು ನಿಮಿಷದ ಆಸುಪಾಸು.

"ಎಲ್ಲಾ ಚೊಲೋ ಹೋಗ್ತೈತಿ ಮಾವ, ಇಳಿಸೋ ಟೈಮಿಗೆ ಸರಿಯಾಗಿ ತಡೆತಡೆದು ಬರ್ತೈತಿ" ಅಂದ. ಅದಕ್ಕೆ ಅವನ ಪರಿಹಾರವೂ ಸಿದ್ಧವಿತ್ತು. ಹೊಸ ಗ್ರಾಫಿಕ್ಸ್ ಕಾರ್ಡ್, ಅದಕ್ಕೆ ತಕ್ಕ ಎಸ್‌ಎಂಪಿಎಸ್, ಹೊಸ ಪ್ರೊಸೆಸರ್, ಒಟ್ಟು ಒಂದು ಲಕ್ಷ ದಾಟುವ ಪಟ್ಟಿ. ದುಡ್ಡು ಎಲ್ಲಿಂದ ಅಂದರೆ, ಭತ್ತ ಮಾರಿ ಮುಂಗಾರಿನ ಬೀಜ ಗೊಬ್ಬರಕ್ಕೆ ಅಂತ ಭಾವ ಎತ್ತಿಟ್ಟಿದ್ದರಲ್ಲ, ಅದರಿಂದ. ಭಾವ ಬೇಡ ಅನ್ನುವ ಮನುಷ್ಯ ಅಲ್ಲ, ಮಗ ಕೇಳಿದರೆ ಕೊಟ್ಟೇಬಿಡ್ತಾರೆ. ನನ್ನನ್ನು ಪಕ್ಕಕ್ಕೆ ಕರೆದು, "ನೀ ಒಂದ್ಸಲ ನೋಡಿ ಹೇಳಪ್ಪ. ಬೇಕೇ ಬೇಕು ಅಂದ್ರೆ ಕೊಡಿಸ್ತೀನಿ" ಅಂದರು. ಅವರ ದನಿಯಲ್ಲಿ 'ಬೇಡ ಅಂತ ಹೇಳಿದರೆ ಒಳ್ಳೇದಿತ್ತು' ಅನ್ನೋದೂ ಇತ್ತು. ನಾಲ್ಕು ದಿನದ ರಜೆಯಲ್ಲಿ ಎರಡು ದಿನ ಆ ಕಂಪ್ಯೂಟರ್ ಮುಂದೆ ಹೋಯ್ತು.

ಮೊದಲು ಒಂದು ಮಾತು. ಸಿಮ್ಯುಲೇಟರ್ ಸರಾಗವಾಗಿ ಓಡೋದು ಅಂದರೆ ಹೆಚ್ಚು ಎಫ್‌ಪಿಎಸ್ ಬರೋದು ಅಂತ ಬಹಳ ಜನ ತಿಳಿದಿದ್ದಾರೆ. ಅದು ಗುಂಡು ಹಾರಿಸೋ ಗೇಮ್‌ಗಳ ಲೆಕ್ಕ. ಸೆಸ್ನಾದಂಥ ನಿಧಾನದ ವಿಮಾನಕ್ಕೆ ಸೆಕೆಂಡಿಗೆ 30 ಚಿತ್ರ ಸಾಕು, ಆದರೆ ಅವು ಸಮನಾಗಿ ಬರಬೇಕು. 30 ಎಫ್‌ಪಿಎಸ್ ಅಂದರೆ ಒಂದೊಂದು ಚಿತ್ರಕ್ಕೆ 33 ಮಿಲಿಸೆಕೆಂಡ್. ನಡುವೆ ಒಂದು ಚಿತ್ರ 150 ಮಿಲಿಸೆಕೆಂಡ್ ತಗೊಂಡರೆ ಕಣ್ಣಿಗೆ ಅದೇ 'ಜರ್ಕ್'. ಸರಾಸರಿ 45 ಇದ್ದು ಮಧ್ಯೆ ಮಧ್ಯೆ ತಡೆಯುವ ಕಂಪ್ಯೂಟರ್‌ಗಿಂತ, ಅಲುಗದೆ 30ರಲ್ಲಿ ನಿಲ್ಲುವ ಕಂಪ್ಯೂಟರ್ ಹಾರಿಸುವವನಿಗೆ ಎಷ್ಟೋ ವಾಸಿ.

ಇಳಿಯುವಾಗಲೇ ಇದು ಯಾಕೆ ಕಾಡುತ್ತೆ ಅಂದರೆ, ರನ್‌ವೇಯಿಂದ ಇಪ್ಪತ್ತು ಮೂವತ್ತು ಅಡಿ ಮೇಲಿರುವಾಗ ಮೂತಿ ಎಷ್ಟು ಎತ್ತಬೇಕು ಅನ್ನೋದನ್ನ ಕಣ್ಣು ನೋಡಿ ಕೈ ಮಾಡಬೇಕು. ಆ ಕ್ಷಣದಲ್ಲಿ ಪರದೆ ನಿಂತರೆ ಹುಡುಗ ಸ್ಟಿಕ್ ಜಾಸ್ತಿ ಎಳೀತಾನೆ. ಪರದೆ ಮತ್ತೆ ಶುರುವಾಗುವಷ್ಟರಲ್ಲಿ ವಿಮಾನ ಮೇಲಕ್ಕೆ ಜಿಗಿದಿರುತ್ತೆ. ದಿನಾ ಹೀಗೆ ಅಭ್ಯಾಸ ಮಾಡಿದರೆ ಕೈಗೆ ತಪ್ಪೇ ರೂಢಿಯಾಗುತ್ತೆ. ನಾನು ಈ ಕೆಲಸಕ್ಕೆ ಎರಡು ದಿನ ಕೊಟ್ಟದ್ದು ಅದಕ್ಕೇ.

ಅವನ ಕಂಪ್ಯೂಟರ್: ರೈಜನ್ 5 3600 ಪ್ರೊಸೆಸರ್, ಜಿಟಿಎಕ್ಸ್ 1650 ಕಾರ್ಡ್, 8 ಜಿಬಿಯ ಒಂದೇ ಒಂದು ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ, ಜೊತೆಗೊಂದು ಹಳೆಯ ಹಾರ್ಡ್‌ಡಿಸ್ಕ್. ಕಳಪೆ ಅಲ್ಲ. 2020ರಲ್ಲಿ ಈ ಸಿಮ್ಯುಲೇಟರ್ ಬಂದಾಗ ಕಂಪನಿ ಹೇಳಿದ ಕನಿಷ್ಠ ಪಟ್ಟಿಯಲ್ಲಿದ್ದದ್ದು ರೈಜನ್ 3 1200, ಜಿಟಿಎಕ್ಸ್ 770, 8 ಜಿಬಿ ರ‍್ಯಾಮ್. ಶಿಫಾರಸಿನ ಪಟ್ಟಿಯಲ್ಲಿ ಜಿಟಿಎಕ್ಸ್ 970, 16 ಜಿಬಿ ರ‍್ಯಾಮ್. ನಮ್ಮ ಹುಡುಗನದು ಇವೆರಡರ ನಡುವೆ ಎಲ್ಲೋ ನಿಲ್ಲುತ್ತೆ.

ಕಾರ್ಡ್ ಖರೀದಿಗೆ ಮುಂಚೆ ಕೇಳಬೇಕಾದ ಪ್ರಶ್ನೆ, ಯಾರು ಯಾರಿಗಾಗಿ ಕಾಯ್ತಿದ್ದಾರೆ ಅನ್ನೋದು. ಭಾವನಿಗೆ ಇದನ್ನ ರೈಸ್‌ಮಿಲ್ ಲೆಕ್ಕದಲ್ಲಿ ಹೇಳಿದೆ. ಪ್ರೊಸೆಸರ್ ಅಂದರೆ ಗದ್ದೆಯಿಂದ ಭತ್ತ ತಂದು ಸುರಿಯೋ ಟ್ರ್ಯಾಕ್ಟರ್, ಗ್ರಾಫಿಕ್ಸ್ ಕಾರ್ಡ್ ಅಂದರೆ ಮಿಲ್ಲು. ಟ್ರ್ಯಾಕ್ಟರ್ ಬರೋದೇ ತಡ ಆಗ್ತಿದ್ದರೆ, ಮಿಲ್ಲು ಎಷ್ಟು ದೊಡ್ಡದು ಹಾಕಿದರೂ ಅಕ್ಕಿ ಅಷ್ಟೇ. ಭಾವ ತಕ್ಷಣ ಮಗನ ಕಡೆ ತಿರುಗಿ, "ಕೇಳಿದ್ಯೇನಪ್ಪ?" ಅಂದರು.

ಸಿಮ್ಯುಲೇಟರ್‌ನಲ್ಲೇ ಇದನ್ನ ನೋಡೋಕೆ ದಾರಿ ಇದೆ. ಜನರಲ್ ಆಪ್ಷನ್ಸ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿದರೆ ಮೇಲ್ಗಡೆ ಒಂದು ಮೆನು ಬರುತ್ತೆ, ಅದರಲ್ಲಿ ಡಿಸ್‌ಪ್ಲೇ ಎಫ್‌ಪಿಎಸ್ ಆರಿಸಿ. ಮೂಲೆಯಲ್ಲಿ ಒಂದು ಪೆಟ್ಟಿಗೆ ತೆರೆದು 'ಲಿಮಿಟೆಡ್ ಬೈ ಮೇನ್‌ಥ್ರೆಡ್' ಅಂತಲೋ 'ಲಿಮಿಟೆಡ್ ಬೈ ಜಿಪಿಯು' ಅಂತಲೋ ತೋರಿಸುತ್ತೆ. ಮೊದಲನೆಯದಾದರೆ ಪ್ರೊಸೆಸರ್ ಕಡೆ ತೊಂದರೆ, ಎರಡನೆಯದಾದರೆ ಕಾರ್ಡ್ ಕಡೆ. ಅಳಿಯನ ವಿಮಾನ ರಾರಾವಿಯ ಗದ್ದೆ ಮೇಲೆ ಎತ್ತರದಲ್ಲಿದ್ದಾಗ ಜಿಪಿಯು ಅಂತ ಬರ್ತಿತ್ತು. ನಿಲ್ದಾಣದ ಹತ್ತಿರ ಇಳಿಯುತ್ತಿದ್ದ ಹಾಗೆ ಮೇನ್‌ಥ್ರೆಡ್. ಅಂದರೆ ಅವನು ನಿಜವಾಗಿ ಕಷ್ಟಪಡ್ತಿದ್ದ ಜಾಗದಲ್ಲಿ ಆ ಲಕ್ಷದ ಪಟ್ಟಿಯ ಅತಿ ದುಬಾರಿ ಐಟಂ, ಅದೇ ಹೊಸ ಕಾರ್ಡ್, ಹೆಚ್ಚೇನೂ ಮಾಡ್ತಿರಲಿಲ್ಲ.

ಹಾಗಾದರೆ ಪ್ರೊಸೆಸರ್ ಯಾಕೆ ತಡವರಿಸ್ತಿತ್ತು? ಬೆಂಗಳೂರಲ್ಲಿ ಕೂತು ಯೂಟ್ಯೂಬ್ ಮಾಡೋರು ಹೇಳದ ಒಂದು ವಿಷಯ ಇಲ್ಲಿತ್ತು. ಕೂಲರ್ ಫ್ಯಾನ್ ಯಾವತ್ತೂ ಚಿಪ್ಪನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆಗಿಂತ ಇಷ್ಟು ಡಿಗ್ರಿ ಮೇಲೆ ಅಂತ ಅದು ನಿಲ್ಲೋದು. ಆ ಅಂತರ 50 ಅಂತ ಇಟ್ಕೊಳ್ಳಿ. ಬೆಂಗಳೂರಿನ 26 ಡಿಗ್ರಿ ಕೋಣೆಯಲ್ಲಿ ಚಿಪ್ಪು 76ರಲ್ಲಿ ಆರಾಮಾಗಿರುತ್ತೆ. ಬಳ್ಳಾರಿ ಸೀಮೆಯ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿಯಲ್ಲಿ ಅದೇ ಚಿಪ್ಪು 90. ಈ ಪ್ರೊಸೆಸರ್‌ನ ಗರಿಷ್ಠ ಮಿತಿ 95. ಅದರ ಹತ್ತಿರ ಹೋಗ್ತಿದ್ದ ಹಾಗೆ ಅದು ತನ್ನ ವೇಗವನ್ನ ತಾನೇ ಇಳಿಸಿಕೊಳ್ಳುತ್ತೆ. ವಿಮಾನ ಏರಿ, ತಿರುಗಿ, ಇಳಿಯೋ ಹೊತ್ತಿಗೆ ನಲವತ್ತು ನಿಮಿಷ ಆಗಿರುತ್ತೆ, ಪೆಟ್ಟಿಗೆ ಕಾದ ಹೆಂಚಾಗಿರುತ್ತೆ. 'ಇಳಿಸೋ ಟೈಮಿಗೆ ಸರಿಯಾಗಿ' ಅನ್ನೋ ಅವನ ಮಾತಿಗೆ ಅರ್ಧ ಉತ್ತರ ಇದೇ.

ಪೆಟ್ಟಿಗೆ ಬಿಚ್ಚಿದಾಗ ಉಳಿದದ್ದು ಕಂಡಿತು. ಕೂಲರ್‌ನ ರೆಕ್ಕೆಗಳ ಮಧ್ಯೆ ಧೂಳು ಕಂಬಳಿ ಥರ ಕೂತಿತ್ತು. ಸುಗ್ಗಿ ಮುಗಿದ ಊರಲ್ಲಿ ಹೊಟ್ಟಿನ ಪುಡಿ, ದಾರಿಯ ಕರಿಮಣ್ಣು ಎಲ್ಲ ಕಿಟಕಿಯಿಂದಲೇ ಒಳಗೆ ಬರುತ್ತೆ. ಅದೂ ಅಲ್ಲದೆ ಸಿಪಿಯು ಪೆಟ್ಟಿಗೆಯನ್ನ ನೆಲದ ಮೇಲೆ, ಗೋಡೆಗೆ ಆನಿಸಿ, ಮೇಲೊಂದು ಕಸೂತಿ ಬಟ್ಟೆ ಹೊದಿಸಿ ಇಟ್ಟಿದ್ದರು. ಬಟ್ಟೆ ಅಕ್ಕನದು, ಧೂಳು ಹೋಗಬಾರದು ಅಂತ! ಅದನ್ನ ತೆಗೆಸೋಕೆ ಸ್ವಲ್ಪ ರಾಜಿ ಮಾತುಕತೆಯೇ ಆಯ್ತು.

ಪ್ಲಗ್ ಕಿತ್ತು, ಅಂಗಳಕ್ಕೆ ಒಯ್ದು, ಬ್ಲೋವರ್‌ನಲ್ಲಿ ಊದಿದೆವು. ಊದುವಾಗ ಫ್ಯಾನ್ ರೆಕ್ಕೆ ತಿರುಗದ ಹಾಗೆ ಬೆರಳಲ್ಲಿ ಹಿಡೀಬೇಕು, ಇಲ್ಲದಿದ್ದರೆ ಬೇರಿಂಗ್ ಹಾಳಾಗುತ್ತೆ. ಪ್ರೊಸೆಸರ್ ಮೇಲಿನ ಹಳೇ ಥರ್ಮಲ್ ಪೇಸ್ಟ್ ಒಣಗಿ ಬಿರುಕು ಬಿಟ್ಟಿತ್ತು. ಒರೆಸಿ ಹೊಸದು ಕಡಲೆಕಾಳಿನಷ್ಟು ಹಚ್ಚಿದೆ. ಪೆಟ್ಟಿಗೆಯನ್ನ ಒಂದು ಸ್ಟೂಲ್ ಮೇಲೆ, ಗೋಡೆಯಿಂದ ಒಂದು ಗೇಣು ಈಚೆ ಇಟ್ಟೆವು. ಹಿಂಬದಿಗೆ ಬಿಸಿಗಾಳಿ ಹೊರಹಾಕುವ ಒಂದು ಫ್ಯಾನ್ ಸೇರಿಸಿದೆವು. ಅದೇ ಹಾರಾಟದ ಕೊನೆಯಲ್ಲಿ 91 ತೋರಿಸ್ತಿದ್ದ ಚಿಪ್ಪು 79ಕ್ಕೆ ನಿಂತಿತು. ಒಂದೂ ಸೆಟ್ಟಿಂಗ್ ಮುಟ್ಟದೆ ಲ್ಯಾಂಡಿಂಗ್‌ನ ಜರ್ಕ್ ಅರ್ಧಕ್ಕೆ ಇಳಿದದ್ದು ಇಲ್ಲೇ.

ಮುಂದಿನದು ರ‍್ಯಾಮ್. 8 ಜಿಬಿಯಲ್ಲಿ ವಿಂಡೋಸ್ ತಿಂದು ಉಳಿದದ್ದರಲ್ಲಿ ಸಿಮ್ಯುಲೇಟರ್ ಬದುಕಬೇಕು. ಸಾಲದೇ ಬಂದಾಗ ಅದು ಡಿಸ್ಕ್‌ಗೆ ಬರೆದು ಓದಿ ಮಾಡುತ್ತೆ, ಆ ಕ್ಷಣಕ್ಕೆ ಪರದೆ ನಿಲ್ಲುತ್ತೆ. ಜೊತೆಗೆ ಒಂದೇ ಸ್ಟಿಕ್ ಅಂದರೆ ಒಂದೇ ಚಾನೆಲ್. ಎರಡು ಸ್ಟಿಕ್ ಹಾಕಿದರೆ ಪ್ರೊಸೆಸರ್‌ಗೆ ಒಂದರ ಬದಲು ಎರಡು ದಾರಿ ಸಿಗುತ್ತೆ. ಅಳಿಯ ಬಸ್ ಹತ್ತಿ ಬಳ್ಳಾರಿಗೆ ಹೋಗಿ ಅದೇ ವೇಗದ ಇನ್ನೊಂದು 8 ಜಿಬಿ ತಂದ. ಮೇಲೆ 3200 ಅಂತ ಬರೆದಿದ್ದ ಹಳೇ ಸ್ಟಿಕ್ ಎರಡು ವರ್ಷದಿಂದ 2400ರಲ್ಲಿ ಓಡ್ತಿತ್ತು. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅನ್ನೋದನ್ನ ಆನ್ ಮಾಡದಿದ್ದರೆ ಹೀಗೇ. ಕಂಪ್ಯೂಟರ್ ಜೋಡಿಸಿ ಕೊಟ್ಟವರು ಅದನ್ನ ಮಾಡಿರಲಿಲ್ಲ. ಒಂದು ನಿಮಿಷದ ಕೆಲಸ, ದುಡ್ಡೇ ಇಲ್ಲ. ನಿಮ್ಮ ಮನೆಯ ಕಂಪ್ಯೂಟರ್‌ನಲ್ಲೂ ಟಾಸ್ಕ್ ಮ್ಯಾನೇಜರ್ ತೆಗೆದು ಮೆಮೊರಿ ವೇಗ ಎಷ್ಟಿದೆ ಅಂತ ಒಮ್ಮೆ ನೋಡಿಬಿಡಿ. ಹಾಗೇ ಮಾನಿಟರ್ ಕೇಬಲ್ ಕಾರ್ಡ್‌ಗೆ ಚುಚ್ಚಿದೆಯೋ ಮದರ್‌ಬೋರ್ಡ್‌ಗೋ ಅಂತಲೂ. ನಗಬೇಡಿ, ಅಂಥದ್ದನ್ನೂ ನೋಡಿದ್ದೇನೆ.

ಸಿಮ್ಯುಲೇಟರ್ ಇದ್ದದ್ದು ಹಳೇ ಹಾರ್ಡ್‌ಡಿಸ್ಕ್‌ನಲ್ಲಿ. ಎಸ್‌ಎಸ್‌ಡಿಯಲ್ಲಿ ಇದ್ದದ್ದು ಗೃಹಪ್ರವೇಶದ ವಿಡಿಯೊ. ಎರಡನ್ನೂ ಅದಲು ಬದಲು ಮಾಡಿದೆವು, ಅಷ್ಟೇ.

ಇಷ್ಟಾದ ಮೇಲೆ ಸೆಟ್ಟಿಂಗ್. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಅದೇ ವಿಮಾನ, ಅದೇ ರನ್‌ವೇ, ಅದೇ ಹೊತ್ತು, ಮೋಡವಿಲ್ಲದ ಆಕಾಶ ಇಟ್ಟು ನೋಡಿ, ನೋಟ್‌ಬುಕ್‌ನಲ್ಲಿ ಬರೆದಿಡಿ. ಲೈವ್ ವೆದರ್ ಹಾಕಿಕೊಂಡು ಹೋಲಿಸಿದರೆ ನಿನ್ನೆಯ ಮೋಡಕ್ಕೂ ಇವತ್ತಿನ ಮೋಡಕ್ಕೂ ಹೋಲಿಸಿದ ಹಾಗಾಗುತ್ತೆ. ಆನ್‌ಲೈನ್‌ನಲ್ಲಿ ಸಿಗುವ ಹಳೇ 'ಟ್ವೀಕ್'ಗಳ ಪಟ್ಟಿಯನ್ನಂತೂ ಕಣ್ಣುಮುಚ್ಚಿ ಹಾಕಬೇಡಿ. ಅದರಲ್ಲಿ ಎಷ್ಟೋ 2006ರ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಕಾಲದವು. ಅದು 32 ಬಿಟ್ ಪ್ರೋಗ್ರಾಂ, ಅದರ ರೋಗಗಳೇ ಬೇರೆ.

ನಮಗೆ ಕೆಲಸ ಕೊಟ್ಟ ದೊಡ್ಡ ಗುಂಡಿ ಟೆರೇನ್ ಲೆವೆಲ್ ಆಫ್ ಡೀಟೇಲ್. ನೆಲದ ವಿವರ ಎಷ್ಟು ದೂರದವರೆಗೆ ತೋರಿಸಬೇಕು ಅನ್ನೋದು ಅದು, ಅದರ ಭಾರ ಬೀಳೋದು ಮೇನ್‌ಥ್ರೆಡ್ ಮೇಲೆ. ಅಳಿಯ 200ಕ್ಕೆ ಇಟ್ಟಿದ್ದ. 100ಕ್ಕೆ ಇಳಿಸಿದರೆ ದೂರದ ಸಂಡೂರು ಗುಡ್ಡ ಸ್ವಲ್ಪ ಮೊಂಡಾಗಿ ಕಾಣುತ್ತೆ, ಆದರೆ ರನ್‌ವೇ ಹತ್ತಿರ ಉಸಿರಾಟ ಸರಿಯಾಗುತ್ತೆ. ನಿಲ್ದಾಣದಲ್ಲಿ ಓಡಾಡುವ ಗಾಡಿಗಳು, ನಿಂತ ವಿಮಾನಗಳು, ಕೆಲಸಗಾರರು ಇವನ್ನೂ ಕೆಳಗಿಳಿಸಿದೆವು. ಗಾಜಿನ ಪರದೆಯ ಕಾಕ್‌ಪಿಟ್ ಇರುವ ವಿಮಾನವಾದರೆ ಗ್ಲಾಸ್ ಕಾಕ್‌ಪಿಟ್ ರಿಫ್ರೆಶ್ ರೇಟ್ ಮೀಡಿಯಂ ಸಾಕು. ಅವನಿಗೆ ನಾನು ಹೇಳಿದ್ದು ಗಡಿಯಾರದಂಥ ಮುಳ್ಳಿನ ಮೀಟರ್‌ಗಳಿರುವ ಹಳೇ ಥರದ 172 ಹಾರಿಸು ಅಂತ. ಕಂಪ್ಯೂಟರ್‌ಗೂ ಹಗುರ, ಕಲಿಯೋಕೂ ಒಳ್ಳೇದು.

ಕಾರ್ಡ್ ಕಡೆಯಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಒಂದೇ. 1650ರಲ್ಲಿ ಇರೋದು 4 ಜಿಬಿ ಮೆಮೊರಿ. ಟೆಕ್ಸ್ಚರ್ ಅಲ್ಟ್ರಾದಲ್ಲಿಟ್ಟರೆ ಅದು ತುಂಬಿ ಹೊರಚೆಲ್ಲುತ್ತೆ, ಮತ್ತೆ ಅದೇ ತಡೆ. ಮೀಡಿಯಂಗೆ ತಂದೆವು. ಮೋಡಗಳನ್ನೂ ಮೀಡಿಯಂಗೆ ತಂದೆವು. ಹುಡುಗನಿಗೆ ಇದೊಂದು ಬೇಜಾರು, ಮುಂಗಾರಿನ ಮೋಡದೊಳಗೆ ಹಾರೋದೇ ಅವನಿಗೆ ಖುಷಿ. ಅಲ್ಲಿ ನಾನೇ ಸೋತೆ. ಮೋಡ ಹೈನಲ್ಲಿಟ್ಟು ಅದಕ್ಕೆ ಬದಲಾಗಿ ನೆರಳು, ಪ್ರತಿಬಿಂಬ ಕಡಿಮೆ ಮಾಡಿದೆವು.

ಕೊನೆಗೆ ವಿ-ಸಿಂಕ್ ಆನ್ ಮಾಡಿ ಫ್ರೇಮ್ ಮಿತಿಯನ್ನ 30ಕ್ಕೆ ಕಟ್ಟಿದೆವು. ಮಾನಿಟರ್ 60 ಹರ್ಟ್ಸ್‌ನದು, 30 ಅದರ ಸರಿಯಾಗಿ ಅರ್ಧ, ಹಾಗಾಗಿ ಪ್ರತಿ ಚಿತ್ರವೂ ಎರಡು ಸಲ ಬಂದು ಲೆಕ್ಕ ಸಮ ಆಗುತ್ತೆ. "45 ಬರೋದನ್ನ 30ಕ್ಕೆ ಯಾಕೆ ಕಟ್ತೀರಿ ಮಾವ?" ಅಂತ ಅವನ ತಕರಾರು. ಎತ್ತರದಲ್ಲಿ ಸುಮ್ಮನೆ 45 ಓಡಿಸಿ ಬಿಸಿಯಾಗೋ ಬದಲು, ಅಲ್ಲಿ ತಣ್ಣಗಿದ್ದು ಲ್ಯಾಂಡಿಂಗ್‌ಗೆ ಶಕ್ತಿ ಉಳಿಸಿಕೊಳ್ಳೋದು ಇದರ ಉಪಾಯ. ಬಿಸಿಲ ಸೀಮೆಯಲ್ಲಿ ಈ ಒಂದು ಮಿತಿ ಎರಡು ಕೆಲಸ ಮಾಡುತ್ತೆ.

ಇನ್ನು ಕರೆಂಟ್ ವಿಷಯ. ಸುತ್ತಲಿನ ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾದಾಗ ಮನೆಯ ಲೈಟ್ ಮಂಕಾಗೋದನ್ನ ಹಳ್ಳಿಯವರಿಗೆ ಹೇಳಿಕೊಡಬೇಕಿಲ್ಲ. ಅವರ ಮನೆಯಲ್ಲಿ ಇನ್ವರ್ಟರ್ ಇತ್ತು, ಆದರೂ ಕರೆಂಟ್ ಹೋದ ಕೂಡಲೇ ಕಂಪ್ಯೂಟರ್ ಆಫ್ ಆಗಿ ಮತ್ತೆ ಆನ್ ಆಗ್ತಿತ್ತು. ಬಹಳ ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತೆ. ಅದನ್ನ ಹಾಕಿದರೆ ಬದಲಾಗುವ ಹೊತ್ತು ಎಷ್ಟೋ ಕಡಿಮೆಯಾಗಿ ಕಂಪ್ಯೂಟರ್‌ಗೆ ಗೊತ್ತೇ ಆಗಲ್ಲ. ಇಲ್ಲೇ ಆ ಲಕ್ಷದ ಪಟ್ಟಿಯ ಇನ್ನೊಂದು ಗುಟ್ಟೂ ಇದೆ. 1650 ಕಾರ್ಡ್ ತಿನ್ನೋದು 75 ವ್ಯಾಟ್, ಈ ಪ್ರೊಸೆಸರ್ 65ರ ವರ್ಗದ್ದು. ಇನ್ನೂರು ವ್ಯಾಟ್‌ನ ಕಾರ್ಡ್ ತಂದರೆ ಎಸ್‌ಎಂಪಿಎಸ್ ಬದಲಾಗಬೇಕು, ಇನ್ವರ್ಟರ್‌ನ ಬ್ಯಾಟರಿ ಬೇಗ ಖಾಲಿ, ಅಷ್ಟೂ ಬಿಸಿ ಅದೇ 40 ಡಿಗ್ರಿ ಕೋಣೆಗೆ. ಪಟ್ಟಿಯಲ್ಲಿ ಎಸಿ ಬರೆದಿರಲಿಲ್ಲ, ಆಮೇಲೆ ಬರೆಯಬೇಕಾಗ್ತಿತ್ತು.

ಇಂಟರ್‌ನೆಟ್ ನಿಧಾನ ಇರುವ ಊರವರಿಗೆ ಒಂದು ಸೂಚನೆ. ಈ ಸಿಮ್ಯುಲೇಟರ್ ನೆಲದ ಚಿತ್ರಗಳನ್ನ ಹಾರುವಾಗಲೇ ಬಿಂಗ್ ನಕ್ಷೆಯಿಂದ ಇಳಿಸಿಕೊಳ್ಳುತ್ತೆ. ಮೊಬೈಲ್ ಹಾಟ್‌ಸ್ಪಾಟ್ ನಂಬಿದರೆ ಡೇಟಾ ಮುಗಿದ ಮೇಲೆ ಹಗರಿ ಬರೀ ಮಬ್ಬು. 2020ರ ಆವೃತ್ತಿಯಲ್ಲಿ ಮ್ಯಾನುಯಲ್ ಕ್ಯಾಶ್ ಅಂತ ಇದೆ, ಬೇಕಾದ ಪ್ರದೇಶ ಗುರುತು ಮಾಡಿ ಮೊದಲೇ ಇಳಿಸಿಡಬಹುದು. ನಾವು ತೋರಣಗಲ್ಲಿನಿಂದ ಸಿರುಗುಪ್ಪದವರೆಗಿನದನ್ನ ರಾತ್ರಿ ಇಳಿಸೋಕೆ ಬಿಟ್ಟು ಮಲಗಿದೆವು. 2024ರ ನವೆಂಬರ್‌ನಲ್ಲಿ ಬಂದ ಹೊಸ ಆವೃತ್ತಿ ಇನ್ನೂ ಹೆಚ್ಚು ಸಂಗತಿಗಳನ್ನ ನೆಟ್‌ನಿಂದಲೇ ತರಿಸಿಕೊಳ್ಳುತ್ತೆ, ಹಾಗಾಗಿ ಸದ್ಯಕ್ಕೆ ಅವನು ಹಳೆಯದರಲ್ಲೇ ಇರಲಿ ಅಂತ ನನ್ನ ಅಭಿಪ್ರಾಯ. ಗ್ರಾಫಿಕ್ಸ್ ಕಾರ್ಡೇ ಇಲ್ಲದ ಹಳೇ ಲ್ಯಾಪ್‌ಟಾಪ್ ಇದ್ದವರು ಫ್ಲೈಟ್‌ಗೇರ್ ನೋಡಿ. ಪೂರ್ತಿ ಉಚಿತ, ನೋಡೋಕೆ ಸಾದಾ, ಹಾರೋದು ಕಲಿಯೋಕೆ ಏನೂ ಕೊರತೆ ಇಲ್ಲ.

ಪೂರ್ತಿ ಗೆದ್ದೆವು ಅಂತ ಹೇಳಲಾರೆ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಲ್ಲಿ ಇಳಿದರೆ ಈಗಲೂ 24ಕ್ಕೆ ಬೀಳುತ್ತೆ. ವಿದ್ಯಾನಗರದಲ್ಲಿ ಮಾತ್ರ 30 ಅಲುಗೋದಿಲ್ಲ. ಎರಡನೇ ದಿನ ಸಂಜೆ ಅವನು ಸತತವಾಗಿ ಆರು ಸಲ ಇಳಿಸಿದ, ಐದು ಸಲ ಚಕ್ರ ಮೆತ್ತಗೆ ನೆಲ ಮುಟ್ಟಿತು. ಆರನೆಯದು ಜಿಗಿಯಿತು. "ಇದು ಕಂಪ್ಯೂಟರ್‌ದಲ್ಲ, ನಂದೇ" ಅಂದ. ಅವನ ಬಾಯಿಂದ ಆ ಮಾತು ಬಂದದ್ದು ನನಗೆ ಸಮಾಧಾನ. ಎರಡು ವರ್ಷದಿಂದ ಯಾವುದು ತನ್ನ ತಪ್ಪು, ಯಾವುದು ಯಂತ್ರದ್ದು ಅಂತ ಅವನಿಗೆ ಗೊತ್ತಾಗೋ ಹಾಗೇ ಇರಲಿಲ್ಲ.

ಖರ್ಚಾದದ್ದು ಒಂದು ರ‍್ಯಾಮ್, ಒಂದು ಫ್ಯಾನ್, ಒಂದು ಪೇಸ್ಟ್ ಟ್ಯೂಬ್. ಗೊಬ್ಬರದ ದುಡ್ಡು ಗೊಬ್ಬರಕ್ಕೇ ಉಳಿಯಿತು.

ಆಮೇಲೆ ಊಟಕ್ಕೆ ಕೂತಾಗ ಭಾವ ಕೇಳಿದ್ದು ಬೇರೆ ಪ್ರಶ್ನೆ. "ಇದರಾಗ ಹಾರಿಸಿದ್ದು ನಾಳೆ ಲೆಕ್ಕಕ್ಕ ಬರ್ತೈತೇನು?" ಬರೋದಿಲ್ಲ. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು, ಮನೆಯ ಕಂಪ್ಯೂಟರ್‌ನ ಗಂಟೆ ಅದಕ್ಕೆ ಸೇರಲ್ಲ. ಜಕ್ಕೂರಿನ ಸರ್ಕಾರಿ ಶಾಲೆಯಾಗಲಿ, ಖಾಸಗಿಯವಾಗಲಿ, ಆ ಓದಿನ ಖರ್ಚು ಹತ್ತಾರು ಲಕ್ಷದ ಮಾತು. ಅದಕ್ಕೂ ಮೊದಲು ಮೆಡಿಕಲ್ ಪರೀಕ್ಷೆ ಪಾಸಾಗಬೇಕು. ಅಲ್ಲಿ ನಪಾಸಾದರೆ ಮುಂದಿನದೆಲ್ಲ ಅಲ್ಲಿಗೇ ನಿಲ್ಲುತ್ತೆ. ಹಾಗಾಗಿ ಕೈಯಲ್ಲಿ ಒಂದಿಷ್ಟು ದುಡ್ಡಿದ್ದರೆ ಮೊದಲು ಕ್ಲಾಸ್ 2 ಮೆಡಿಕಲ್ ಮಾಡಿಸಿ ಅಂದೆ. ಭಾವ ಏನೂ ಮಾತಾಡಲಿಲ್ಲ, ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಅಳಿಯ ಮಾತ್ರ ಫೋನ್‌ನಲ್ಲಿ ಆಗಲೇ ಹುಡುಕ್ತಿದ್ದ.

ಸದ್ಯಕ್ಕೆ ಅವನು ಹಾರಿಸೋದು ಬೆಳಗಿನ ಐದೂವರೆಯಿಂದ ಏಳೂವರೆವರೆಗೆ, ಕೋಣೆ ತಣ್ಣಗಿರುವಾಗ. ಡಿಸೆಂಬರ್‌ಗೆ ಚಳಿ ಬಿದ್ದ ಮೇಲೆ ಟೆರೇನ್ 150ಕ್ಕೆ ಏರಿಸಿ ನೋಡು ಅಂತ ನೋಟ್‌ಬುಕ್‌ನಲ್ಲಿ ಬರೆದು ಬಂದಿದ್ದೇನೆ.